ಒಣದ್ರಾಕ್ಷಿಯ ಆಚೆಗೆ

ಶರಣಪ್ಪ ಕಾಕಾ ಕಲ್ಲನ್ನೂ ಮೂಸಿ ನೋಡುವವರು. ಭಂಕೂರಿನ ಗಣಿಯಿಂದ ಬಂದ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಮೇಲೆ ಒಂದು ಬೊಗಸೆ ನೀರು ಚೆಲ್ಲಿ, ಬೂದು ಬಣ್ಣ ನೀಲಿಗೆ ತಿರುಗುವಾಗ ಮಂಡಿಯೂರಿ ಕಣ್ಣು ಮುಚ್ಚಿ ಉಸಿರೆಳೆಯುತ್ತಿದ್ದರು. ಚಹಾ ಬಂದರೂ ಹಾಗೆಯೇ, ಹೊಸ ಅಂಗಿ ತಂದರೂ ಹಾಗೆಯೇ.

ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ನನ್ನನ್ನು ಫರಸಿ ಹಾಸುವ ಕೆಲಸಕ್ಕೆ ಹಚ್ಚಿದವರು ಅವರೇ. ಇವತ್ತು ಶಹಾಬಾದ, ವಾಡಿ, ಸೇಡಂ ಎಲ್ಲಿಯಾದರೂ ನಾನು ಹಾಸಿದ ನೆಲದ ಮೇಲೆ ನೀರು ಚೆಲ್ಲಿ ನೋಡಿ, ಒಂದು ಹನಿ ನಿಲ್ಲುವುದಿಲ್ಲ. ಊಟವನ್ನೋ ಕಲ್ಲನ್ನೋ ನಾನು ಬರೀ ಚಲೋ ಅದ ಎಂದರೆ ಕಾಕಾ ಒಪ್ಪುತ್ತಿರಲಿಲ್ಲ. "ಚಲೋ ಅಂದ್ರ ಹೆಂಗ? ಬ್ಯಾರೆ ಹೇಳು."

ಹೋದ ವರ್ಷ ಕಾಕಾರಿಗೆ ಜ್ವರ ಬಂತು. ಹೋಗುವಾಗ ಅವರ ಮೂಗನ್ನೂ ನಾಲಿಗೆಯ ರುಚಿಯನ್ನೂ ಒಯ್ದಿತು. ಕಾಕಾ ಕಲ್ಲಿಗೆ ನೀರು ಚೆಲ್ಲುವುದನ್ನೇ ಬಿಟ್ಟರು. ಸಾರಿಗೆ ಉಪ್ಪು ಹೆಚ್ಚಾದರೂ ಕಾಕಿಯ ಜೊತೆ ಜಗಳವಿಲ್ಲ.

ಆಗಲೇ ಚಿತ್ತಾಪುರದ ಸಾವಕಾರರೊಬ್ಬರು ತಮ್ಮ ಮನೆಯ ನೆಲ ಮೆಚ್ಚಿ ನನಗೊಂದು ಸ್ಕಾಚ್ ವಿಸ್ಕಿ ಬಾಟಲಿ ಕೊಟ್ಟರು. ಶೆರಿ ಎಂಬ ದ್ರಾಕ್ಷಿ ಮದ್ಯ ತುಂಬಿಟ್ಟಿದ್ದ ಮರದ ಪೀಪಾಯಿಯಲ್ಲಿ ಕಡೆಯ ಕೆಲವು ತಿಂಗಳು ಇದನ್ನು ಮಲಗಿಸುತ್ತಾರಂತೆ. ಸಂಜೆ ಕಾಕಾರ ಅಂಗಳದಲ್ಲಿ ಅದನ್ನೇ ಹೇಳಿದೆ. ಕಾಕಾ ನಕ್ಕರು.

"ಉಪ್ಪಿನಕಾಯಿ ಭರಣ್ಯಾಗ ಮಜ್ಜಿಗಿ ಇಟ್ಟಂಗ ಅನ್ನು. ನಾ ಕುಡದ್ರ ಬರೇ ನೀರು, ತಮ್ಮಾ. ನೀ ಕುಡಿ, ನನಗ ಹೇಳು."

ಗ್ಲಾಸಿಗೆ ಸ್ವಲ್ಪ ನೀರು ಹನಿಸಿದೆ. ಒದ್ದೆ ಕಲ್ಲಿನಂತೆ ಅದರ ವಾಸನೆಯೂ ಅರಳಿತು. ಗುಟುಕು ಹಾಕಿ, ಒಣದ್ರಾಕ್ಷಿ ಎಂದೆ.

"ಅದು ಕಿರಾಣಿ ಅಂಗಡ್ಯಾಗೂ ಸಿಗ್ತದ. ಬ್ಯಾರೆ ಹೇಳು."

ಕಣ್ಣು ಮುಚ್ಚಿದೆ. ಎಲ್ಲಿಂದಲೋ ಮಾತು ಬಂತು. "ಕುಂಚಾವರಂ ಅಡವ್ಯಾಗ ಮಳಿ ನಿಂತ ಮ್ಯಾಲ ಒಲಿ ಹಚ್ಚಿದ್ದಿವಿ ನೋಡ್ರಿ, ಕಾಕಾ. ಹಸಿ ಕಟಗಿ. ಬೆಲ್ಲದ ಚಹಾ ಉಕ್ಕಿ ಬೆಂಕಿಗಿ ಬಿತ್ತು. ಆ ಹೊಗಿ ಅದ ಇದರಾಗ."

ಕಾಕಾರ ಮೂಗಿನ ಹೊಳ್ಳೆಗಳು ಮೆಲ್ಲಗೆ ಅಗಲವಾದವು. ಬೇವಿನ ನೆರಳು ನಮ್ಮ ಕಾಲುಗಳನ್ನು ದಾಟಿ ಗೋಡೆ ಹತ್ತಿತು.

"ನಿನ್ನ ಕಂಬಳಿ ಅಂಚು ಸುಟ್ಟಿತ್ತಲ್ಲೋ ಅವತ್ತ," ಎಂದರು. "ಅದರ ವಾಸನಿನೂ ಬಂತು."

ಕಂಬಳಿಯ ಸಂಗತಿ ನಾನು ಹೇಳಿರಲಿಲ್ಲ. ನನಗೆ ಮರೆತೇ ಹೋಗಿತ್ತು.

ನಾವು ಜೊತೆಗೆ ಕೂತ ಕಡೆಯ ಸಂಜೆ ಅದು. ಶ್ರಾವಣಕ್ಕೆ ಮೊದಲೇ ಕಾಕಾ ಹೋದರು.

ಮೊನ್ನೆ ಅದೇ ಬಾಟಲಿ ತೆಗೆದೆ. ನೀರು ಹನಿಸಿ, ಗುಟುಕು ಹಾಕಿ, ಕಣ್ಣು ಮುಚ್ಚಿದೆ. ಒಣದ್ರಾಕ್ಷಿ ಬಂತು. ಅಲ್ಲಿಗೇ ನಿಂತಿತು. ಬ್ಯಾರೆ ಹೇಳು ಎನ್ನಲು ಯಾರೂ ಇರಲಿಲ್ಲ.