ಬಟ್ಟೆ ತಿರುಗಿಸುವಷ್ಟು ಹೊತ್ತು

ಮಂಗಳವಾರ, ಬೆಳಗಿನ ಐದೂಮುಕ್ಕಾಲು. ಇವತ್ತು ಆರಾಧನೆಯಿಲ್ಲ. ಆದರೂ ಚರ್ಚಿನ ಪಕ್ಕದ ಬಾಗಿಲಿನಿಂದ ಆಕೆ ಒಳಗೆ ಬರುತ್ತಾರೆ. ದೀಪ ಹಾಕುವುದಿಲ್ಲ. ಬೆಂಚುಗಳ ಅಂಚನ್ನು ಒಂದೊಂದಾಗಿ ಮುಟ್ಟುತ್ತ ಮುಂದೆ ಹೋಗಿ, ಆರ್ಗನ್ನಿನ ಹೊದಿಕೆ ಸರಿಸಿ, ಚಪ್ಪಲಿ ಬಿಟ್ಟು ಬರಿಗಾಲನ್ನು ತುಳಿಹಲಗೆಗಳ ಮೇಲಿಡುತ್ತಾರೆ. ಎಡ, ಬಲ, ಎಡ, ಬಲ. ಹಳೆಯ ಮರದ ಪೆಟ್ಟಿಗೆಯೊಳಗೆ ತಿದಿ ಉಸಿರೆಳೆದುಕೊಳ್ಳುತ್ತದೆ. ಸ್ವರ ಆಮೇಲೆ. ಪ್ರತಿ ತುಳಿತಕ್ಕೂ ಬಲ ಮೊಣಕಾಲು ಲಟಕ್ಕೆನ್ನುತ್ತದೆ.

"ಇದೊಂದು ತಾಳ ನಾನು ಹಾಕಿದ್ದಲ್ಲ," ಎನ್ನುತ್ತಾರೆ, ತಮ್ಮಷ್ಟಕ್ಕೆ ತಾವೇ.

ಸಭೆಯವರಿಗೆಲ್ಲ ಆಕೆ 'ಮಷೀನಕ್ಕ'. ವಯಸ್ಸು ಅರವತ್ತಮೂರು. ನಲವತ್ತಾರು ವರ್ಷಗಳಿಂದ ಭಾನುವಾರಕ್ಕೆ ಎರಡು ಆರಾಧನೆ, ಬುಧವಾರ ಹಾಡಿನ ಅಭ್ಯಾಸ, ನಡುನಡುವೆ ಮದುವೆ, ಸತ್ತವರ ಮಣ್ಣು. ಉಳಿದ ಹೊತ್ತೆಲ್ಲ ಹಿಂದಿನ ಬೀದಿಯ ಹೊಲಿಗೆ ಕೋಣೆಯಲ್ಲಿ. ಇಬ್ಬರು ನಿಂತರೆ ತುಂಬಿಹೋಗುವ ಆ ಕೋಣೆಯಿಂದ ದಿನಕ್ಕೆ ನಾಲ್ಕು ಶಾಲಾ ಅಂಗಿ ಹೊರಬೀಳುತ್ತವೆ. ಮೊದಲು ಆರ್ಗನ್ ನುಡಿಸುತ್ತಿದ್ದವರು ಸೋದರತ್ತೆ. ಅವರು ಕಾಲು ಮುರಿದುಕೊಂಡಾಗ ಹದಿನೇಳರ ಈ ಸೋದರಸೊಸೆಯನ್ನು ಅಲ್ಲಿ ಕೂರಿಸಿದ್ದು ಅವಳಿಗೆ ಸಂಗೀತ ಬರುತ್ತದೆಂದಲ್ಲ.

"ಮಷೀನು ತುಳಿಯೋಳಿಗೆ ಇದ್ಯಾವ ಮಹಾ, ಕೈಗೆ ಆಮೇಲೆ ಕಲಿಸಿದ್ರಾಯ್ತು ಅಂದ್ರು ನಮ್ಮತ್ತೆ."

ಕೈ ಕಲಿಯಿತು. ಕಲಿತ ಮೇಲೆ ಸುಮ್ಮನಿರಲಿಲ್ಲ, ಇಪ್ಪತ್ತಮೂರು ಹಾಡುಗಳಿಗೆ ರಾಗ ಕಟ್ಟಿತು. ಎಲ್ಲವೂ ಹೊಲಿಯುತ್ತ ಹುಟ್ಟಿದವು, ಒಂದನ್ನೂ ಬರೆದಿಟ್ಟಿಲ್ಲ. ಮಣ್ಣು ಮಾಡುವಾಗ ಈ ಸಭೆ ಹಾಡುವುದು ಆಕೆಯ ರಾಗವನ್ನೇ. ಆದರೆ ಹಾಡಿನ ಪುಸ್ತಕದಲ್ಲಿ ಅದರ ಕೆಳಗೆ ಅಚ್ಚಾಗಿರುವುದು 'ಹಳೆಯ ರಾಗ' ಎಂದಷ್ಟೇ.

"ಸುಳ್ಳೇನಿಲ್ಲವಲ್ಲ, ಹಳೇದೇ ತಾನೆ," ಎಂದು ಹೊಲಿಗೆ ಕೋಣೆಯ ಮೂಲೆಯಲ್ಲಿ ಅಂಗಿಗೆ ಗುಂಡಿ ಹಾಕುತ್ತಿದ್ದ ಗಂಡ ಹೆಂಡತಿಯನ್ನು ಮೇಲಿಂದ ಕೆಳಗೆ ನೋಡುತ್ತಾರೆ.

"ನೀವು ಗುಂಡಿ ಕಡೆ ನೋಡಿ. ಹೋದ ಸಲ ಕಾಜಾನೇ ಇಲ್ಲದ ಕಡೆ ಹಾಕಿದ್ರಿ."

ಗುರುವಾರ ಮೊಣಕಾಲಿನ ಶಸ್ತ್ರಚಿಕಿತ್ಸೆ. ಆಮೇಲೆ ಮಷೀನು, ಆರ್ಗನ್ ಎರಡರ ತುಳಿತವೂ ಬಂದ್ ಎಂದು ಡಾಕ್ಟರು ಹೇಳಿಯಾಗಿದೆ. ಚರ್ಚಿಗೆ ಕರೆಂಟಿನ ವಾದ್ಯ ಬಂದಿದೆ. ಅದನ್ನು ನುಡಿಸಲಿರುವ ಶಾಲಾ ಮೇಷ್ಟ್ರು ಒಂದು ತಿಂಗಳಿಂದ ಸಂಜೆ ಬಂದು, ಆಕೆ ಗುನುಗಿದ್ದನ್ನು ಸ್ವರ ಹಾಕಿ ಬರೆದುಕೊಳ್ಳುತ್ತಿದ್ದಾರೆ.

"ಕೈಯಲ್ಲಿರೋದನ್ನ ಬರ್ಕೋತಾರೆ. ಕಾಲಲ್ಲಿರೋದನ್ನ ಹೇಗೆ ಬರ್ಕೊಳ್ಳೋದು?" ಆಕೆಯ ಚಿಂತೆ ಇದೊಂದೇ. ಅದಕ್ಕೆ ಕಾರಣವೂ ಇದೆ.

ಮಣ್ಣಿನ ಹಾಡಿನಲ್ಲಿ ಮೂರನೆಯ ಸಾಲು ಮುಗಿದ ಮೇಲೆ ಒಂದು ಮೌನವಿದೆ. ಓದಿ ಕಲಿತ ಮೇಷ್ಟ್ರಿಗೆ ಅದು ತಪ್ಪಾಗಿ ಕಂಡಿತು. ಸಾಲು ಜೋಡಿಸಿ ಬರೆದುಬಿಟ್ಟರು. ಕಳೆದ ಭಾನುವಾರ ಅಗಲಿದವರ ಪ್ರಾರ್ಥನೆಯಲ್ಲಿ ಆಕೆ ಮೊದಲ ಬಾರಿಗೆ ಬೆಂಚಿನಲ್ಲಿ ಕೂತಿದ್ದರು, ಮೇಷ್ಟ್ರು ನುಡಿಸುತ್ತಿದ್ದರು. ಮೂರನೆಯ ಸಾಲು ಮುಗಿಯಿತು. ಮುನ್ನೂರು ಜನ ಎಂದಿನಂತೆ ಹಾಡು ನಿಲ್ಲಿಸಿದರು. ಹೊಸ ವಾದ್ಯ ಮಾತ್ರ ನಾಲ್ಕನೆಯ ಸಾಲಿಗೆ ಒಂಟಿಯಾಗಿ ನಡೆದುಹೋಯಿತು.

ಎರಡು ದಿನ ಮುಖ ತೋರಿಸದಿದ್ದ ಮೇಷ್ಟ್ರು ಇವತ್ತು ಸಂಜೆ ಪುಸ್ತಕ ಹಿಡಿದು ಹೊಲಿಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದಾರೆ.

"ಅಕ್ಕಾ, ಆ ಜಾಗದಲ್ಲಿ ಏನಿದೆ?"

ಆಕೆ ಕತ್ತರಿ ಕೆಳಗಿಡುತ್ತಾರೆ. "ನಮ್ಮಮ್ಮ ತೀರಿಕೊಂಡ ದಿನ ಅವಳನ್ನ ಕಳಿಸೋ ಬಿಳಿ ಉಡುಪು ನಾನೇ ಹೊಲಿದೆ. ಅಳೋ ಹಾಗಿರಲಿಲ್ಲ, ಬಟ್ಟೆ ಮೇಲೆ ಕಲೆ ಆಗುತ್ತಲ್ಲ. ಕಾಲಿನ ಜೊತೆ ರಾಗ ಬಂತು. ಮೂರು ಸಾಲಿಗೆ ಒಂದು ಕಡೆ ಅಂಚು ಮುಗೀತಿತ್ತು. ಬಟ್ಟೆ ತಿರುಗಿಸಬೇಕು. ಅಷ್ಟು ಹೊತ್ತು ಹಾಡೂ ನಿಲ್ತಿತ್ತು."

ಗಂಡನ ಕೈಯಲ್ಲಿ ಗುಂಡಿ ಹಾಗೆಯೇ ಉಳಿದಿದೆ. ಅವರೂ ಇದನ್ನು ಕೇಳಿದ್ದು ಇವತ್ತೇ.

"ಎಷ್ಟು ಮಾತ್ರೆ ನಿಲ್ಲಿಸಬೇಕು, ಅಕ್ಕಾ?"

"ಅದೆಲ್ಲ ನನಗೆ ಗೊತ್ತಿಲ್ಲಪ್ಪ. ನೋಡಿ." ಶಾಲಾ ಅಂಗಿಯೊಂದನ್ನು ಮಷೀನಿಗೆ ಕೊಟ್ಟು ತುಳಿಯುತ್ತಾರೆ. ಅಂಚು ಮುಗಿಯುತ್ತದೆ. ಕಾಲು ನಿಲ್ಲುತ್ತದೆ. ಸೂಜಿಯನ್ನು ಬಟ್ಟೆಯೊಳಗೇ ಬಿಟ್ಟು ಅಂಗಿ ತಿರುಗಿಸುತ್ತಾರೆ. ಮೇಷ್ಟ್ರ ತುಟಿ ಎಣಿಸುತ್ತದೆ: ಒಂದು, ಎರಡು, ಮೂರು, ನಾಲ್ಕು. ಕಾಲು ಮತ್ತೆ ಹೊರಡುತ್ತದೆ.

ಮೇಷ್ಟ್ರು ಅದನ್ನು ಬರೆದುಕೊಂಡು, ಈ ಸಲ ಅಚ್ಚು ಹಾಕಿಸುವಾಗ ಆಕೆಯ ಹೆಸರನ್ನೂ ಸೇರಿಸುತ್ತೇನೆ ಎನ್ನುತ್ತಾರೆ.

"ಹೆಸರು ಇಲ್ಲದಿದ್ರೂ ನಡೆಯುತ್ತೆ ಮೇಷ್ಟ್ರೇ," ಮಷೀನಕ್ಕ ದಾರ ಕಡಿಯುತ್ತಾರೆ. "ನನ್ನ ಕಳಿಸೋ ದಿನ ಅಲ್ಲಿ ನಿಲ್ಲಿಸಿದ್ರೆ ಸಾಕು."