ಗೌಂಡಿ ಕಟ್ಟಿದ ಮನೆಗೆ ಗಿರಾಕಿ

ಶಹಾಪುರದ ಗುಡ್ಡದ ಇಳಿಜಾರಿನಲ್ಲಿದ್ದ ನಮ್ಮ ಮನೆಯನ್ನು ನನ್ನ ಗಂಡ ತಮ್ಮ ಕೈಯಾರೆ ಕಟ್ಟಿದ್ದರು. ಅವರು ಗೌಂಡಿ. ವಾರವೆಲ್ಲ ಬೇರೆಯವರ ಮನೆಗೆ ಗೋಡೆ ಎಬ್ಬಿಸಿ, ಕೆಲಸವಿಲ್ಲದ ದಿನ ನಮ್ಮದಕ್ಕೆ ಕಲ್ಲು ಇಡುತ್ತಿದ್ದರು. ನಾನು ಕನ್ನಡ ಶಾಲೆಯ ಟೀಚರು. ಶಾಲೆ ಬಿಟ್ಟ ಮೇಲೆ ಬಂದು ಗೋಡೆಗೆ ನೀರು ಹೊಡೆಯುವುದು ನನ್ನ ಕೆಲಸ. ಹೀಗೆ ಆರು ವರ್ಷ ಹಿಡಿದು ಮುಗಿದ ಮನೆ ಅದು. ಜಾಗ ಎತ್ತರದ್ದಾದ್ದರಿಂದ ರಸ್ತೆಯಿಂದ ಬಾಗಿಲಿಗೆ ಹದಿನಾಲ್ಕು ಪಾವಟಿಗೆ ಹತ್ತಬೇಕಿತ್ತು.

ಅವರಿಗೆ ಐವತ್ತನಾಲ್ಕು ವರ್ಷವಾಗಿದ್ದಾಗ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು, ಮಾತೂ ಹೋಯಿತು. ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು. ಬಾಯಿಗೆ ಬರುತ್ತಿದ್ದದ್ದು ಮಾತ್ರ ಒಂದು 'ಹಾಂ', ಬೇಡವೆನ್ನಲು ಒಂದು 'ಬ್ಯಾ'. ಕಾಲಿಗೆ ದಿನವೂ ವ್ಯಾಯಾಮ ಮಾಡಿಸಿದರೆ ನಡೆದಾರು ಎಂದು ಯಾದಗಿರಿಯ ಡಾಕ್ಟರು ಹೇಳಿದರು. ಆದರೆ ಆ ಪಾವಟಿಗೆ ಇಳಿಸಿ ದಿನವೂ ಯಾದಗಿರಿಗೆ ಕರೆದೊಯ್ಯುವವರು ಯಾರು? ನಾನು ಶಾಲೆಗೆ ಹೋದ ಹೊತ್ತಿನಲ್ಲಿ ಪಕ್ಕದ ಮನೆಯ ಅಕ್ಕ ನಡುನಡುವೆ ಬಂದು ಇಣುಕಿ ಹೋಗುತ್ತಿದ್ದಳು. ಒಂದು ವರ್ಷ ಅವರು ಮನೆಯಿಂದ ಕೆಳಗಿಳಿಯಲಿಲ್ಲ. ಕೊನೆಗೆ ನನಗೆ ಮುಂದಿನ ಶಾಲಾ ವರ್ಷದಿಂದ ಯಾದಗಿರಿಗೆ ವರ್ಗವಾಯಿತು. ಅಲ್ಲಿ ನೆಲಮಟ್ಟದಲ್ಲಿ ಒಂದು ಸಣ್ಣ ಮನೆ ಕೊಳ್ಳಬೇಕು, ಅದಕ್ಕೆ ಇದನ್ನು ಮಾರಬೇಕು. ಅವರನ್ನು ಕೇಳಿದೆ. ಎಡಗೈಯಿಂದ ಗೋಡೆ ಸವರಿ 'ಹಾಂ' ಎಂದರು.

ಮನೆ ನೋಡಲು ಬಂದ ದಲ್ಲಾಳಿ ಊರಿನವನೇ. ಚಪ್ಪಲಿ ಬಿಟ್ಟು ಒಳಗೆಲ್ಲ ಅಡ್ಡಾಡಿದ. ಹಳೆಯ ಕಪಾಟು ತೆಗೆಸಿರಿ, ಸುಣ್ಣದ ಬದಲು ಬಣ್ಣ ಹೊಡೆಸಿರಿ, ಮೂಲೆಯ ಔಷಧದ ಬಾಟಲಿ, ಉಚ್ಚೆಯ ಡಬ್ಬಿ ಕಣ್ಣಿಗೆ ಬೀಳದಂತೆ ಇಡಿರಿ ಎಂದ. ಹಿಂದಿನ ಕೋಣೆಯಲ್ಲಿ ನೆಲದಿಂದ ಕಿಟಕಿಯವರೆಗೆ ಗೋಡೆ ಬಿರುಕು ಬಿಟ್ಟಿತ್ತು. ಗುಡ್ಡದ ಕಡೆಯ ನೆಲ ಕುಸಿದು ಆದದ್ದು. ಬೇಸಿಗೆಯಲ್ಲಿ ಅದನ್ನು ಬಿಚ್ಚಿ ಸರಿಮಾಡುತ್ತೇನೆಂದು ನನ್ನ ಗಂಡ ಹೇಳಿದ್ದರು. ಬೇಸಿಗೆ ಬರುವ ಮೊದಲೇ ಮಲಗಿದರು. ದಲ್ಲಾಳಿ ಅದನ್ನು ನೋಡಿ ತಲೆ ಅಲ್ಲಾಡಿಸಿದ. ಅವರ ಜೊತೆ ಕೆಲಸ ಮಾಡಿದ್ದ ಒಬ್ಬ ಗೌಂಡಿಯನ್ನು ಕರೆಸಿ ಅದಕ್ಕೆ ಸಿಮೆಂಟು ತುಂಬಿಸಿದೆ, ಮೇಲೆ ತಿಳಿಹಸಿರು ಬಣ್ಣ ಹೊಡೆಸಿದೆ. ಆ ಗೌಂಡಿ ಕೆಲಸ ಮಾಡುವಷ್ಟು ಹೊತ್ತೂ ನನ್ನ ಗಂಡನ ಕಡೆ ತಿರುಗಿ ನೋಡಲಿಲ್ಲ.

ಮೊದಲು ಬಂದವರು ಹುಣಸಗಿ ಕಡೆಯ ರೈತರು. ಮಕ್ಕಳ ಓದಿಗೆ ಶಹಾಪುರದಲ್ಲಿ ಮನೆ ಬೇಕಾಗಿತ್ತು. ಜೊತೆಗೆ ವಾಸ್ತು ನೋಡುವವನೊಬ್ಬನನ್ನು ತಂದಿದ್ದರು. ಅವನು ಬಾಗಿಲಲ್ಲಿ ನಿಂತು ದಿಕ್ಕು ನೋಡಿ, ಒಳಗೆ ಮಲಗಿದ್ದ ಇವರನ್ನು ನೋಡಿ, ದಕ್ಷಿಣದ ಬಾಗಿಲಿನ ಫಲ ಕಣ್ಣೆದುರಿಗೇ ಇದೆ ಎಂದ. ಅವರು ಚಹಾ ಕೂಡ ಕುಡಿಯದೆ ಇಳಿದು ಹೋದರು. ಎರಡನೆಯವರಿಗೆ ಪಾವಟಿಗೆ ಹೆಚ್ಚಾದವು. ಮೂರನೆಯವರು ಬರುತ್ತೇವೆಂದು ಹೇಳಿ ಬರಲೇ ಇಲ್ಲ. ಅವರಿಗೆಂದು ಮಾಡಿದ ಉಪ್ಪಿಟ್ಟನ್ನು ಪಕ್ಕದ ಮನೆಗೆ ಕೊಟ್ಟೆ. ಪ್ರತಿ ಸಲವೂ ಬೆಳಿಗ್ಗೆ ಎದ್ದು ಫರಸಿ ನೆಲ ತಿಕ್ಕಿ ಒರೆಸುವುದು, ಇವರಿಗೆ ಗಡ್ಡ ಮಾಡಿಸಿ ಬಿಳಿ ಅಂಗಿ ತೊಡಿಸುವುದು, ಊದುಬತ್ತಿ ಹಚ್ಚುವುದು. ಮನೆಯ ಜೊತೆ ಅವರನ್ನೂ ಸಿಂಗರಿಸಿ ಕೂಡಿಸುತ್ತಿದ್ದೇನೆ ಎಂದು ಒಮ್ಮೊಮ್ಮೆ ಅನಿಸುತ್ತಿತ್ತು. ಆದರೂ ಮಾಡುತ್ತಿದ್ದೆ.

ಆಮೇಲೆ ಕೊಂಕಲ್ ಕಡೆಯ ಮಾಸ್ತರರೊಬ್ಬರು ಹೆಂಡತಿಯ ಜೊತೆ ಬಂದರು. ಆಕೆಗೆ ಮನೆ ಮನಸ್ಸಿಗೆ ಬಂತು. ಅಡುಗೆಮನೆಯ ಗೋಡೆಯಲ್ಲಿದ್ದ ಗೂಡುಗಳನ್ನು ಮುಟ್ಟಿ ನೋಡಿದಳು, ಇಲ್ಲಿ ಉಪ್ಪಿನಕಾಯಿ ಭರಣಿ ಚೆನ್ನಾಗಿ ಕೂಡುತ್ತವೆ ಎಂದಳು. ನನಗೆ ಎದೆ ಹಗುರಾಯಿತು. ಹಿಂದಿನ ಕೋಣೆಗೆ ಹೋದೆವು. ಇವರು ಅಲ್ಲೇ ಕುರ್ಚಿಯಲ್ಲಿದ್ದರು. ಮಾಸ್ತರರು ಕೋಣೆ ಛಲೋ ಇದೆ ಎನ್ನುವಷ್ಟರಲ್ಲಿ ಇವರು ಪಕ್ಕದಲ್ಲಿದ್ದ ಕೋಲನ್ನು ಎಡಗೈಯಿಂದ ಎತ್ತಿದರು. ಅದರ ತುದಿಯನ್ನು ಗೋಡೆಗೆ ಒತ್ತಿ, ನೆಲದಿಂದ ಕಿಟಕಿಯವರೆಗೆ ನಿಧಾನವಾಗಿ ಗೀರಿದರು. ಹೊಸ ಬಣ್ಣದ ಮೇಲೆ ಗೆರೆ ಮೂಡಿತು. ಒಂದಿಂಚೂ ತಪ್ಪದೆ ಬಿರುಕಿನ ದಾರಿಯಲ್ಲೇ. ಮತ್ತೆ ಅಡ್ಡ ಅಡ್ಡ ಗೀರುತ್ತ 'ಹಾಂ, ಹಾಂ' ಎಂದರು.

ಮಾಸ್ತರರು ಬೆರಳಿನಿಂದ ಗೋಡೆ ಬಡಿದರು, ಪೊಳ್ಳು ಸದ್ದು ಬಂತು. ಆಮೇಲೆ ನನ್ನ ಕಡೆ ತಿರುಗಿದರು.

"ಇದನ್ನ ನೀವು ಮೊದಲೇ ಹೇಳಬೇಕಿತ್ರಿ, ಅಕ್ಕೋರ. ನೀವೂ ಮಕ್ಕಳಿಗೆ ಕಲಿಸೋರು."

ಅವರು ಹೋದ ಮೇಲೆ ಬಾಗಿಲು ಹಾಕಿ ಗಂಡನ ಮುಂದೆ ನಿಂತು ಬಾಯಿಗೆ ಬಂದದ್ದೆಲ್ಲ ಆಡಿದೆ. ನಿಮ್ಮ ಸಲುವಾಗಿಯೇ ಮಾರುತ್ತಿದ್ದೇನೆ, ನೀವೇ ಕೆಡಿಸಿದಿರಿ ಎಂದೆ. ಅವರು 'ಬ್ಯಾ, ಬ್ಯಾ' ಎನ್ನುತ್ತ ಮತ್ತೆ ಗೋಡೆಗೆ ಕೋಲು ತೋರಿಸಿದರು. ಕೋಲು ಕಸಿದುಕೊಂಡೆ. ಅವರು ಅಳತೊಡಗಿದರು.

ಮರುದಿನ ಶಾಲೆಯಿಂದ ಬಂದಾಗ ಅವರ ತೊಡೆಯ ಮೇಲೆ ನನ್ನ ಶಾಲೆಯ ಪಾಟಿ, ಬಳಪ ಇದ್ದವು. ಎಡಗೈಯಿಂದ ವಕ್ರವಾಗಿ ಒಂದು ಉದ್ದ ಗೆರೆ ಎಳೆದು, ಅದಕ್ಕೆ ಅಡ್ಡವಾಗಿ ಮೂರು ಉದ್ದ ಕಲ್ಲು ಬರೆದಿದ್ದರು. ಆಗ ನನಗೆ ತಿಳಿಯಿತು. ಅವರು ಮನೆಯ ತಪ್ಪು ತೋರಿಸಿರಲಿಲ್ಲ. ಬಿರುಕಿಗೆ ಅಡ್ಡಗಲ್ಲು ಕೂಡಿಸಿ ಹೊಲಿಯಬೇಕು, ಆಗ ಗೋಡೆ ನಿಲ್ಲುತ್ತದೆ ಎಂದು ಕೊಳ್ಳುವವನಿಗೆ ಹೇಳುತ್ತಿದ್ದರು. ಮಾಸ್ತರರಿಗೆ ಫೋನು ಮಾಡಿದೆ. ಅವರು ಎತ್ತಲಿಲ್ಲ. ಪಾಟಿಯನ್ನು ಆ ಗೌಂಡಿಗೆ ತೋರಿಸಿದೆ. ಅವನು ಅದನ್ನು ಬಹಳ ಹೊತ್ತು ಹಿಡಿದು ನೋಡಿದ.

"ಖರೇ ಅದರಿ. ಹಿಂಗೇ ಮಾಡಬೇಕು. ಆದ್ರ ಗ್ವಾಡಿ ಬಿಚ್ಚಿದ್ರ ಒಂದು ತಿಂಗಳ ಬೇಕು. ಬಿಚ್ಚಿದ ಮನಿ ಯಾರು ತಗೋತಾರ?"

ದಲ್ಲಾಳಿಯೂ ಅದನ್ನೇ ಹೇಳಿದ. ಆಮೇಲೆ ದನಿ ತಗ್ಗಿಸಿ, ಜನ ಬರುವ ಹೊತ್ತಿಗೆ ಯಜಮಾನರನ್ನು ಎಲ್ಲಾದರೂ ಬೇರೆ ಕಡೆ ಕೂಡಿಸಿರಿ ಎಂದ. ನಾನು ಬೇಡವೆನ್ನಲಿಲ್ಲ. ಗೀರಿದ ಕಡೆ ಮತ್ತೆ ಬಣ್ಣ ಹೊಡೆಸಿದೆ.

ಮುಂದಿನ ಗಿರಾಕಿ ಸುರಪುರದ ಹತ್ತಿ ವ್ಯಾಪಾರಿ. ಅವತ್ತು ಬೆಳಿಗ್ಗೆ ಇಬ್ಬರು ಹಮಾಲರನ್ನು ಕರೆದು ಇವರನ್ನು ಕುರ್ಚಿ ಸಮೇತ ಕೆಳಗೆ ಇಳಿಸಿದೆ. ಯಾಕೆಂದು ಹೇಳಲಿಲ್ಲ. ಕುರ್ಚಿ ಎತ್ತುವಾಗ ಅವರು ತಡೆದು, ಕಪಾಟಿನ ಕಡೆ ಕೈ ಮಾಡಿದರು. ಆಸ್ಪತ್ರೆಯ ಫೈಲು ಬೇಕಿತ್ತು. ಡಾಕ್ಟರ ಹತ್ತಿರ ಒಯ್ಯುತ್ತಿದ್ದೇವೆ ಎಂದು ತಿಳಿದಿದ್ದರು. ಫೈಲನ್ನು ತೊಡೆಯ ಮೇಲೆ ಇಟ್ಟೆ. ಒಂದು ವರ್ಷದ ಮೇಲೆ ಬಿಸಿಲು ಕಂಡವರು ಕಣ್ಣು ಕಿರಿದು ಮಾಡಿ ಸುತ್ತ ನೋಡುತ್ತ, ನಗುತ್ತ ಇಳಿದರು. ರಸ್ತೆಯಾಚೆಯ ಕಿರಾಣಿ ಅಂಗಡಿಯ ಮುಂದೆ ಅವರನ್ನು ಕೂಡಿಸಿ ಹಮಾಲರು ಹೋದರು. ಅವರು ಕಾಯುತ್ತಿದ್ದ ಆಟೊ ಬರಲಿಲ್ಲ. ಸ್ವಲ್ಪ ಹೊತ್ತಿಗೆ ದಲ್ಲಾಳಿ, ವ್ಯಾಪಾರಿ, ಅವನ ತಮ್ಮ ಮೂವರೂ ನಮ್ಮ ಪಾವಟಿಗೆ ಹತ್ತಿದರು. ನಾನು ಮೇಲಿನಿಂದ ನೋಡಿದೆ. ಇವರು ಫೈಲನ್ನು ಎದೆಗೆ ಒತ್ತಿಕೊಂಡು ಹತ್ತುತ್ತಿದ್ದ ಮೂವರನ್ನೇ ನೋಡುತ್ತಿದ್ದರು. ಆಮೇಲೆ ತಲೆ ತಗ್ಗಿಸಿದರು.

ವ್ಯಾಪಾರಿ ಒಳಗೆ ಬರಲೇ ಇಲ್ಲ. ಅಂಗಳದ ಈ ತುದಿಯಿಂದ ಆ ತುದಿಗೆ ಹೆಜ್ಜೆ ಹಾಕಿದ, ರಸ್ತೆ ಎಷ್ಟು ಅಗಲವಾಗುತ್ತದೆಂದು ದಲ್ಲಾಳಿಯನ್ನು ಕೇಳಿದ. ಕೋಣೆ ನೋಡಿರಿ ಎಂದೆ. ಅವನು ಮರ್ಯಾದೆಯಿಂದಲೇ ಹೇಳಿದ.

"ಮನಿ ನೋಡಿ ಏನ್ ಮಾಡೋದದರಿ, ಅಕ್ಕೋರ. ನಮಗ ಜಾಗಾ ಬೇಕು. ಇದನ್ನ ಕೆಡವಿ ರೋಡಿನ ಸಮ ಅಂಗಡಿ ಕಟ್ತೀವಿ."

ಬಣ್ಣ, ಊದುಬತ್ತಿ, ಮುಚ್ಚಿದ ಬಿರುಕು ಒಂದೂ ಅವನಿಗೆ ಬೇಕಿರಲಿಲ್ಲ. ಇವರನ್ನು ಹಾಗೆ ಹೊತ್ತು ಇಳಿಸುವ ಅಗತ್ಯವೂ ಇರಲಿಲ್ಲ. ನಾಳೆ ಹೇಳುತ್ತೇನೆ ಎಂದೆ. ನಾಳೆ ಹೇಳುವುದಕ್ಕೆ ಬೇರೆ ಏನಿತ್ತು? ಯಾದಗಿರಿಯ ಶಾಲೆಗೆ ಹಾಜರಾಗುವ ದಿನ ಹತ್ತಿರ ಬಂದಿತ್ತು. ಮರುದಿನ ಒಪ್ಪಿಕೊಂಡೆ. ನಮ್ಮವರ ಮುಂದೆ ಕೆಡವುವ ಮಾತು ಆಡಬೇಡಿರಿ ಎಂದಷ್ಟೇ ಬೇಡಿಕೊಂಡೆ. ವ್ಯಾಪಾರಿ ಒಳ್ಳೆಯವನು, ತಮ್ಮನಿಗೂ ಹೇಳಿದ.

ಮನೆ ಇವರ ಹೆಸರಿನಲ್ಲಿತ್ತು. ನೋಂದಣಿಯ ದಿನ ಮತ್ತೆ ಕುರ್ಚಿಯಲ್ಲಿ ಇಳಿಸಿ ಕಚೇರಿಗೆ ಒಯ್ದೆವು. ಈ ಸಲ ಫೈಲು ಕೇಳಲಿಲ್ಲ. ಅಧಿಕಾರಿ ಬಗ್ಗಿ, ಮನೆ ಮಾರಲಿಕ್ಕೆ ನಿಮಗೆ ಒಪ್ಪಿಗೆ ಇದೆಯೇ ಎಂದು ಎರಡು ಸಲ ಕೇಳಿದರು. ಇವರು ವ್ಯಾಪಾರಿಯ ಮುಖ ನೋಡಿದರು, ನನ್ನ ಮುಖ ನೋಡಿದರು, 'ಹಾಂ' ಎಂದರು. ಎಡಗೈ ಹೆಬ್ಬೆರಳನ್ನು ನಾನೇ ಹಿಡಿದು ಯಂತ್ರದ ಮೇಲೆ ಇಟ್ಟೆ. ವರ್ಷಗಟ್ಟಲೆ ಸುಣ್ಣ ಸಿಮೆಂಟಿನಲ್ಲಿ ಆಡಿದ ಬೆರಳು, ಗೆರೆ ಸವೆದಿದ್ದವು. ನಾಲ್ಕು ಸಲ ಒತ್ತಬೇಕಾಯಿತು. ಒಪ್ಪಿಗೆ ಯಾವುದಕ್ಕೆ ಎಂಬುದು ಅಲ್ಲಿ ಅವರೊಬ್ಬರಿಗೇ ಪೂರ್ತಿ ಗೊತ್ತಿರಲಿಲ್ಲ.

ಯಾದಗಿರಿಯ ಮನೆ ಸಣ್ಣದು. ಹೊಸ್ತಿಲು ದಾಟಿದರೆ ರಸ್ತೆ. ನಾಲ್ಕು ತಿಂಗಳಲ್ಲಿ ಅವರು ಕೋಲು ಊರಿ ಗೇಟಿನವರೆಗೆ ನಡೆದರು. ಡಾಕ್ಟರು ಹೇಳಿದ್ದು ಸುಳ್ಳಾಗಲಿಲ್ಲ. ಒಂದೆರಡು ಮಾತೂ ಮರಳಿದವು: ನೀರು, ಸಾಕು, ಬಾ. ಒಂದು ಸಂಜೆ ಗೇಟಿನ ಹತ್ತಿರ ನಿಂತವರು ನನ್ನ ಕಡೆ ತಿರುಗಿ "ಮನಿ" ಎಂದರು. ಒಳಗೆ ಹೋಗಬೇಕೇನೋ ಎಂದು ಕೈ ಹಿಡಿದೆ. ಕೈ ಬಿಡಿಸಿಕೊಂಡು ಶಹಾಪುರದ ಕಡೆ ತೋರಿಸಿದರು. "ಯಾರು?"

ಅಷ್ಟರಲ್ಲಿ ಅಲ್ಲಿ ಜೆಸಿಬಿ ಬಂದು ಮನೆ ಕೆಡವಿ ಹೋದದ್ದನ್ನು ಪಕ್ಕದ ಮನೆಯ ಅಕ್ಕ ಫೋನಿನಲ್ಲಿ ತಿಳಿಸಿದ್ದಳು. ನಾನು ಅವರ ಅಂಗಿಯ ಗುಂಡಿ ಹಾಕುತ್ತ, ಗಂಡ ಹೆಂಡತಿ ಇದ್ದಾರೆ, ಇಬ್ಬರು ಹೆಣ್ಣುಮಕ್ಕಳು, ಮನೆ ಚೆಂದ ಇಟ್ಟುಕೊಂಡಿದ್ದಾರೆ ಎಂದೆ. ಅವರ ಮುಖ ಅರಳಿತು. ಅಂದಿನಿಂದ ಎರಡು ದಿನಕ್ಕೊಮ್ಮೆ ಕೇಳುತ್ತಾರೆ. ನಾನು ಒಂದಿಷ್ಟು ಸೇರಿಸುತ್ತ ಹೋಗಿದ್ದೇನೆ. ದೊಡ್ಡ ಹುಡುಗಿ ನನ್ನ ಹಳೆಯ ಶಾಲೆಗೇ ಹೋಗುತ್ತಾಳೆ, ಸಣ್ಣವಳಿಗೆ ಓದಿನಲ್ಲಿ ಮನಸ್ಸಿಲ್ಲ, ತಾಯಿ ದೇವಾಪುರದ ಕಡೆಯವಳು. ನಿಲ್ಲಿಸಬೇಕೆಂದರೂ ಎಲ್ಲಿ ನಿಲ್ಲಿಸುವುದೆಂದು ತಿಳಿಯುತ್ತಿಲ್ಲ.

ಹೋದ ವಾರ ಅವರಿಗೆ ಇನ್ನೊಂದು ಮಾತು ಬಂತು. "ಕರಿ" ಎಂದರು. ಆ ಮನೆಯವರನ್ನು ಊಟಕ್ಕೆ ಕರೆ ಎಂದು ಕೈ ಬಾಯಿಗೆ ಒಯ್ದು ತೋರಿಸಿದರು, ನಾಲ್ಕು ಬೆರಳು ಎತ್ತಿದರು. ಮಕ್ಕಳಿಗೆ ಪರೀಕ್ಷೆ ಇದೆ, ಶಾಲೆಗೆ ಸೂಟಿ ಬಿಡಲಿ, ಕರೆಯೋಣ ಎಂದೆ. ಸೂಟಿಗೆ ಇನ್ನು ಮೂರು ವಾರ ಇದೆ.