ಕಾನ್ವಿಗೆ ಕಾರು ಓಡಿಸಿದ ರಜನಿ

ಹ್ಯಾರೋದ ರಜನಿ ಮೊದಲ ಸಲ ಸ್ಟೀರಿಂಗ್ ಹಿಡಿದದ್ದು ಐವತ್ತೆಂಟನೆಯ ವಯಸ್ಸಿನಲ್ಲಿ. ಅವಳ ಗೆಳತಿಯರೆಲ್ಲ ಆಗ ಮಂಡಿನೋವಿನ ಮಾತಾಡುತ್ತಿದ್ದರು.

ಧಾರವಾಡದಿಂದ ಮದುವೆಯಾಗಿ ವಿಲಾಯತಿಯ ಈ ಊರಿಗೆ ಬಂದು ಮೂವತ್ತು ವರ್ಷ ಕಳೆದಿತ್ತು. ಜಿಪಿ ದವಾಖಾನೆಯ ರಿಸೆಪ್ಷನ್ ಕೆಲಸಕ್ಕೆ ಅವಳು ಬಸ್ಸಿನಲ್ಲೇ ಹೋಗಿ ಬರುತ್ತಿದ್ದಳು. ಕಾರು ಏನಿದ್ದರೂ ಗಂಡ ಶ್ರೀರಂಗನದು. ಎಲುಬಿನ ಡಾಕ್ಟರನಾಗಿದ್ದ ಅವನು ಆಗಸ್ಟ್ ಬಂತೆಂದರೆ ಹೆಂಡತಿಯನ್ನೂ ಮಗಳು ಧೃತಿಯನ್ನೂ ಕೂರಿಸಿಕೊಂಡು ವೇಲ್ಸಿನ ಕಾನ್ವಿಗೆ ಹೊರಟುಬಿಡುತ್ತಿದ್ದ. ನದಿ ಸಮುದ್ರ ಸೇರುವಲ್ಲಿ ಒಂದು ಕೋಟೆ, ಊರನ್ನು ಬಳಸಿ ನಿಂತ ಏಳುನೂರು ವರ್ಷದ ಕಲ್ಲಿನ ಗೋಡೆ, ಹಿಂದೆ ಬೆಟ್ಟಗಳ ಸಾಲು. ಧೃತಿ ದಕ್ಕೆಯ ಅಂಚಿನಿಂದ ದಾರ ಇಳಿಬಿಟ್ಟು ಏಡಿ ಹಿಡಿದು, ಎಣಿಸಿ, ಮತ್ತೆ ನೀರಿಗೆ ಬಿಡುತ್ತಿದ್ದಳು. ರಜನಿ ಕೋಟೆಯ ನೆರಳಲ್ಲಿ ಕೂತು ಹಚ್ಚಿದ ಅವಲಕ್ಕಿಯ ಡಬ್ಬಿ ತೆಗೆಯುತ್ತಿದ್ದಳು. ಹತ್ತೊಂಬತ್ತು ವರ್ಷ ಅದೇ ಊರು, ಅದೇ ಮಹಡಿಯ ಎರಡು ಕೋಣೆ.

ಆಮೇಲೆ ಶ್ರೀರಂಗನ ಕಣ್ಣು ಕೈಕೊಟ್ಟಿತು. ಪಕ್ಕದ್ದು ಕಾಣುತ್ತಿತ್ತು, ನೇರ ಎದುರಿನದು ಮಾತ್ರ ಮಸುಕು. ಲೈಸೆನ್ಸನ್ನು ಲಕೋಟೆಗೆ ಹಾಕಿ ವಾಪಸು ಕಳಿಸಿದ ದಿನ ಅವನು ಊಟ ಮಾಡಲಿಲ್ಲ.

"ಕಾನ್ವಿ ಮುಗೀತು ಬಿಡು," ಅಂದ.

"ಟ್ರೇನ್ ಅದ ಅಲ್ಲರೀ?"

"ಸ್ಟೇಷನ್ ಸ್ಟೇಷನ್ನಿಗೆ ನನ್ನ ಕೈ ಹಿಡದು ಇಳಸ್ತೀ ಏನು? ಬ್ಯಾಡ."

ಎರಡು ಆಗಸ್ಟ್ ಮನೆಯಲ್ಲೇ ಕಳೆದವು. ಧೃತಿ ಮದುವೆಯಾಗಿ ಪಕ್ಕದ ಪಿನ್ನರಿನಲ್ಲಿದ್ದಳು. ನೆಲದಡಿಯ ಟ್ಯೂಬ್ ರೈಲಿನಲ್ಲಿ ಓಡಾಡಿ ಬೆಳೆದ ಅವಳಿಗಾಗಲಿ ಅವಳ ಗಂಡನಿಗಾಗಲಿ ಡ್ರೈವಿಂಗ್ ಬರುತ್ತಿರಲಿಲ್ಲ. ಶ್ರೀರಂಗ ಕಿಟಕಿಯ ಪಕ್ಕ ಕೂತು ರೇಡಿಯೋ ಕೇಳುತ್ತ ದಿನದಿಂದ ದಿನಕ್ಕೆ ಮೌನವಾದ. ಒಂದು ಸೋಮವಾರ ರಜನಿ ಯಾರಿಗೂ ಹೇಳದೆ ಶಿವಪ್ರಕಾಶನಿಗೆ ಫೋನು ಮಾಡಿದಳು. ಮೈಸೂರಿನವನು, ಹ್ಯಾರೋದಲ್ಲಿ ಕಾರು ಕಲಿಸುತ್ತಿದ್ದ.

ಮೊದಲ ಪರೀಕ್ಷೆಯಲ್ಲಿ ಅವಳು ವೃತ್ತದ ಬಾಯಲ್ಲಿ ಕದಲದೆ ನಿಂತು ಫೇಲಾದಳು. ಎರಡನೆಯದರಲ್ಲಿ ರಿವರ್ಸ್ ತೆಗೆಯುವಾಗ ಫುಟ್‌ಪಾತ್ ಹತ್ತಿಸಿದಳು. ಮೂರನೆಯದರಲ್ಲಿ, ಮೂವತ್ತು ಮೈಲಿ ವೇಗದ ರಸ್ತೆಯಲ್ಲಿ ಹದಿನೆಂಟು ದಾಟಲೇ ಇಲ್ಲ.

"ಅಮ್ಮಾ, ಯು ಡೋಂಟ್ ಹ್ಯಾವ್ ಟು ಪ್ರೂವ್ ಎನಿಥಿಂಗ್," ಎಂದಳು ಧೃತಿ.

"ಪ್ರೂವ್ ಮಾಡ್ಲಿಕ್ಕೆ ಅಲ್ಲವ್ವಾ, ಕಾನ್ವಿಗೆ ಹೋಗ್ಲಿಕ್ಕೆ."

ಶಿವಪ್ರಕಾಶ ಬೈಯಲಿಲ್ಲ. "ಅಕ್ಕಾ, ನೀವು ಎಲ್ರಿಗೂ ದಾರಿ ಬಿಟ್ಕೊಡ್ತೀರಿ," ಅಂದ. "ನಿಮ್ಮ ಸರದಿ ಬಂದಾಗ ನೀವೂ ಹೋಗ್ಬೇಕಲ್ವಾ?"

ಆ ಮಾತು ಎಲ್ಲೋ ನಾಟಿತು. ನಾಲ್ಕನೆಯ ಸಲ ಪರೀಕ್ಷಕ ಪಾಸೆಂದು ಹೇಳಿದಾಗ ಅವಳು ಸೀಟ್ ಬೆಲ್ಟ್ ಬಿಚ್ಚುವುದನ್ನೂ ಮರೆತು ಇಳಿಯಲು ಹೋಗಿ ಹಾಗೇ ಹಿಂದಕ್ಕೆ ಬಿದ್ದಳು.

ಮುಂದಿನ ಆಗಸ್ಟ್‌ನಲ್ಲಿ ನಸುಕಿಗೇ ಎದ್ದು ಹೊರಟರು. ಹಿಂದಿನ ಸೀಟಿನಲ್ಲಿ ಧೃತಿ, ನಾಲ್ಕು ವರ್ಷದ ಮೊಮ್ಮಗಳು ಇಂಚರಾ. ಮೋಟರ್‌ವೇಯಲ್ಲಿ ಲಾರಿಗಳು ಗೋಡೆಯಂತೆ ಪಕ್ಕಕ್ಕೆ ಬಂದಾಗ ರಜನಿ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದಳು. ಎರಡು ಕಡೆ ನಿಲ್ಲಿಸಿ ಚಹಾ ಕುಡಿದಳು. ವೇಲ್ಸಿನ ಗಡಿ ದಾಟಿ ಕಡಲು ಬಲಕ್ಕೆ ಬಂದ ಮೇಲೆ ಕೈ ಸಡಿಲವಾಯಿತು.

ಕಾನ್ವಿಯ ಹಳೇ ಗೋಡೆಯಲ್ಲಿ ರಸ್ತೆ ಹಾಯುವ ಒಂದು ಕಲ್ಲಿನ ಕಮಾನಿದೆ. ಬಸ್ಸು ನುಗ್ಗಿದರೆ ಎರಡೂ ಕಡೆ ಗೇಣು ಉಳಿದರೆ ಹೆಚ್ಚು. ರಜನಿ ಅದರ ಮುಂದೆ ಬಂದಾಗ ಆ ಕಡೆಯಿಂದ ಒಂದು ಬಸ್ಸು ಬಂದು ನಿಂತಿತು. ಅವಳ ಬೆನ್ನಿಗೆ ಆರು ಕಾರು. ಬಸ್ಸಿನ ಡ್ರೈವರ್ ದೀಪ ಮಿನುಗಿಸಿದ, ನೀನು ಬಾ ಎಂದು. ಶ್ರೀರಂಗ ಓರೆಗಣ್ಣಿನಲ್ಲಿ ಕಲ್ಲು ನೋಡಿ, "ನನ್ನ ಕಡೆ ಭಾಳ ಹತ್ತರ ಅದ, ಸ್ವಲ್ಪ ಬಲಕ್ಕ—" ಎನ್ನತೊಡಗಿದ.

"ಸುಮ್ಮ ಕೂಡ್ರಿ. ನನಗ ಕಾಣಸ್ತದ."

ಮೂವತ್ತು ವರ್ಷದಲ್ಲಿ ಅವಳು ಅವನಿಗೆ ಹಾಗೆ ಹೇಳಿದ್ದು ಅದೇ ಮೊದಲು. ಕ್ಲಚ್ ಮೆಲ್ಲಗೆ ಬಿಟ್ಟಳು. ಕನ್ನಡಿಗಳ ಪಕ್ಕ ಕಲ್ಲು ಸರಿಯಿತು, ನೆರಳು ಕವಿಯಿತು, ಮರುಕ್ಷಣ ಬಿಸಿಲು. ಕಾರಿಗೆ ಒಂದು ಗೀರೂ ಇಲ್ಲ. ಬಸ್ಸಿನವನು ಹೆಬ್ಬೆರಳೆತ್ತಿದ. ಧೃತಿ ಚಪ್ಪಾಳೆ ತಟ್ಟಿದಳು, ಏಕೆಂದು ತಿಳಿಯದೆ ಇಂಚರಾಳೂ ತಟ್ಟಿದಳು. ಶ್ರೀರಂಗ ಮೊದಲು ಗಂಟಲಲ್ಲೇ ನಕ್ಕ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ಹಾಗೆ ನಕ್ಕು ಎರಡು ವರ್ಷವಾಗಿತ್ತು.

"ಎಲ್ಲಿ ಕಲ್ತಿ ಇಷ್ಟು ಧೈರ್ಯ?"

"ಹ್ಯಾರೋದಾಗ. ಮೂರು ಸಲ ಫೇಲಾಗಿ."

ಅಂದಿನಿಂದ ಮೂರು ಆಗಸ್ಟ್ ಆದವು. ಈ ವರ್ಷ ರಜನಿ ಒಳನಾಡಿನ ಬೆಟ್ಟದ ಘಾಟಿ ರಸ್ತೆಗೇ ಕಾರು ತಿರುಗಿಸಿದಳು. ಮಂಜು, ಕಡಿದಾದ ತಿರುವು, ರಸ್ತೆ ಮಧ್ಯೆ ಕುರಿ. ನೆತ್ತಿಯಲ್ಲಿ ನಿಲ್ಲಿಸಿ ಇಳಿದಾಗ ಗಾಳಿ ಸೆರಗನ್ನು ಹಾರಿಸಿಕೊಂಡು ಹೋಗುವಂತಿತ್ತು. ಕೆಳಗೆ ತಾನು ಹತ್ತಿ ಬಂದ ದಾರಿ ಸುರುಳಿ ಸುರುಳಿಯಾಗಿ ಬಿದ್ದಿತ್ತು. ಅದನ್ನು ಕಣ್ತುಂಬ ನೋಡಿ, ಕೀಲಿಕೈ ಬೆರಳಲ್ಲಿ ತಿರುಗಿಸುತ್ತ, "ನಡೀರಿ, ಇಳಿಯೋಣ, ಇಳಿಯೋದು ಇನ್ನೂ ಚಲೋ ಇರ್ತದ," ಅಂದಳು.